ತಾಲ್ಲೂಕು ಆಸ್ಪತ್ರೆಯನ್ನು ಸರಿಯಾಗಿ ಬಳಸುವುದು ಹೇಗೆ?

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಏಳುವ ಪ್ರಶ್ನೆ, ಯಾವ ಆಸ್ಪತ್ರೆಗೆ ಹೋಗುವುದು? ಕೈಯಲ್ಲಿ ಕಾಸಿದ್ದವರು ಪೇಟೆಯ ನರ್ಸಿಂಗ್ ಹೋಮ್ ಹುಡುಕುತ್ತಾರೆ. ಕಾಸಿಲ್ಲದವರೂ ಎಷ್ಟೋ ಸಲ ಒಡವೆ ಅಡವಿಟ್ಟು ಅಲ್ಲಿಗೇ ಹೋಗುತ್ತಾರೆ. ‘ಸರ್ಕಾರಿ ಆಸ್ಪತ್ರೇಲಿ ಯಾರು ನೋಡ್ತಾರೆ’ ಎಂಬ ಮಾತು ನಮ್ಮಲ್ಲಿ ಅಷ್ಟು ಬೇರೂರಿದೆ.

ಆದರೆ ಹೃದಯಾಘಾತವಾದಾಗ ಕೊಡುವ ದುಬಾರಿ ಚುಚ್ಚುಮದ್ದು, ಹಾವಿನ ವಿಷಕ್ಕೆ ಪ್ರತಿವಿಷ, ನಾಯಿ ಕಚ್ಚಿದರೆ ಹಾಕುವ ಲಸಿಕೆ, ಡಯಾಲಿಸಿಸ್, ಸಿಸೇರಿಯನ್ ಹೆರಿಗೆ ಇವೆಲ್ಲ ಈಗ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುತ್ತವೆ. ಕೊರತೆಗಳು ಖಂಡಿತ ಇವೆ. ಕೆಲವೆಡೆ ತಜ್ಞರ ಹುದ್ದೆ ಖಾಲಿ ಇರುತ್ತದೆ, ಕೆಲವು ದಿನ ಔಷಧಿ ಮುಗಿದಿರುತ್ತದೆ, ಸರದಿ ಉದ್ದವಿರುತ್ತದೆ. ಹಾಗಿದ್ದರೂ ಒಂದು ಮಾತು ನಿಜ: ಆಸ್ಪತ್ರೆಯ ಒಳದಾರಿ ತಿಳಿದವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ, ತಿಳಿಯದವರು ಕೌಂಟರಿನಿಂದ ಕೌಂಟರಿಗೆ ಅಲೆದು ಬೇಸತ್ತು ವಾಪಸಾಗುತ್ತಾರೆ. ಆ ಒಳದಾರಿಯನ್ನು ಎಲ್ಲರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಯಾವ ಕಾಯಿಲೆಗೆ ಯಾವ ಆಸ್ಪತ್ರೆ?

ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಉಪಕೇಂದ್ರ. ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಇವುಗಳಲ್ಲಿ ಬಹುಪಾಲು ಈಗ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಫಲಕ ಹೊತ್ತಿವೆ. ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆ, ಗರ್ಭಿಣಿಯರ ಪರೀಕ್ಷೆ, ಮಕ್ಕಳ ಲಸಿಕೆ ಇಲ್ಲೇ ಆಗುತ್ತವೆ.

ಎರಡನೆಯದು ಪ್ರಾಥಮಿಕ ಆರೋಗ್ಯ ಕೇಂದ್ರ, ಬಯಲಿನಲ್ಲಿ 30,000 ಜನರಿಗೆ ಒಂದು. ಜ್ವರ, ಕೆಮ್ಮು, ಭೇದಿ, ಚರ್ಮದ ತೊಂದರೆ, ಸಣ್ಣಪುಟ್ಟ ಗಾಯಗಳಿಗೆ ಇಲ್ಲಿನ ವೈದ್ಯಾಧಿಕಾರಿಯೇ ಸಾಕು. ಮೂರನೆಯದು ಸಮುದಾಯ ಆರೋಗ್ಯ ಕೇಂದ್ರ. ಇದು 30 ಹಾಸಿಗೆಗಳ ಆಸ್ಪತ್ರೆ, ಸುಮಾರು ನಾಲ್ಕು ಪ್ರಾಥಮಿಕ ಕೇಂದ್ರಗಳಿಂದ ಕಳುಹಿಸಿದ ರೋಗಿಗಳನ್ನು ನೋಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ, ಸ್ತ್ರೀರೋಗ, ಮಕ್ಕಳ ವಿಭಾಗ, ಸಾಮಾನ್ಯ ವೈದ್ಯಕೀಯ ಇವುಗಳ ತಜ್ಞರು ಇಲ್ಲಿರಬೇಕು. ಅದರ ಮೇಲೆ ತಾಲ್ಲೂಕು ಆಸ್ಪತ್ರೆ, ಸಾಮಾನ್ಯವಾಗಿ 100 ಹಾಸಿಗೆಗಳದ್ದು. ಅದಕ್ಕೂ ಮೇಲೆ ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ.

ನೆಗಡಿ, ಜ್ವರಕ್ಕೆ ನೇರ ತಾಲ್ಲೂಕು ಆಸ್ಪತ್ರೆಗೆ ಹೋದರೆ ಅರ್ಧ ದಿನ ಸರದಿಯಲ್ಲಿ ಕಳೆಯುತ್ತದೆ. ಅಷ್ಟೇ ಅಲ್ಲ, ತಜ್ಞ ವೈದ್ಯರು ಗಂಭೀರ ರೋಗಿಗೆ ಕೊಡಬೇಕಾದ ಸಮಯವೂ ಅದರಲ್ಲೇ ಹೋಗುತ್ತದೆ. ಪ್ರಾಥಮಿಕ ಕೇಂದ್ರದಲ್ಲಿ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಮೇಲಿನ ಆಸ್ಪತ್ರೆಗೆ ಹೋಗುವುದೇ ಒಳ್ಳೆಯ ಕ್ರಮ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಆಸ್ಪತ್ರೆಯಲ್ಲಿ ಯಾವ ತಜ್ಞರು ಯಾವ ದಿನ ಸಿಗುತ್ತಾರೆ ಎಂಬುದು ಗೊತ್ತಾಗುತ್ತದೆ. ತುರ್ತು ಸಂದರ್ಭದಲ್ಲಿ ಮಾತ್ರ ಈ ಮೆಟ್ಟಿಲುಗಳ ಲೆಕ್ಕ ಬೇಡ, 108ಕ್ಕೆ ಕರೆ ಮಾಡಿ.

ಹೊರಡುವ ಮುನ್ನ ಚೀಲದಲ್ಲಿ ಏನಿರಬೇಕು?

ಆಧಾರ್ ಕಾರ್ಡ್, ಪಡಿತರ ಚೀಟಿ ಮತ್ತು ಹಳೆಯ ವೈದ್ಯಕೀಯ ದಾಖಲೆಗಳು, ಈ ಮೂರನ್ನು ಮರೆಯಬೇಡಿ. ಬಿಪಿಎಲ್ ಪಡಿತರ ಚೀಟಿ ತೋರಿಸಿದರೆ ಬಹುತೇಕ ಪರೀಕ್ಷೆಗಳಿಗೆ, ಒಳರೋಗಿ ಚಿಕಿತ್ಸೆಗೆ ಶುಲ್ಕದ ಮಾತು ಬರುವುದಿಲ್ಲ.

ಎರಡು ಕಾರ್ಡುಗಳ ಬಗ್ಗೆ ಜನರಲ್ಲಿ ಗೊಂದಲವಿದೆ. ‘ಆಭಾ’ ಎಂಬುದು 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ. ಇದು ಯಾರು ಬೇಕಾದರೂ ಉಚಿತವಾಗಿ ಮಾಡಿಸಿಕೊಳ್ಳಬಹುದಾದ, ವೈದ್ಯಕೀಯ ದಾಖಲೆಗಳನ್ನು ಜೋಡಿಸಿಡುವ ಸಂಖ್ಯೆ ಮಾತ್ರ. ಇದರಿಂದ ಚಿಕಿತ್ಸೆಗೆ ಹಣ ಬರುವುದಿಲ್ಲ. ಚಿಕಿತ್ಸಾ ವೆಚ್ಚ ಭರಿಸುವುದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆ. ಅದರ ಕಾರ್ಡ್ ಬೇರೆ. ಆಭಾ ಇದೆ ಎಂದು ನಂಬಿ ಶಸ್ತ್ರಚಿಕಿತ್ಸೆಯ ದಿನ ಪರದಾಡುವ ಬದಲು, ಆರೋಗ್ಯವಾಗಿರುವಾಗಲೇ ಮನೆಮಂದಿಗೆಲ್ಲ ಎರಡನ್ನೂ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ಸಣ್ಣ ಕೆಲಸ, ಲಾಭ ದೊಡ್ಡದು. ನೂರು ಪುಟದ ಒಂದು ನೋಟ್‌ಬುಕ್ಕನ್ನು ರೋಗಿಗೆಂದೇ ಇಡಿ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಯಾವ ಔಷಧಿಗೆ ಅಲರ್ಜಿ, ಹಿಂದೆ ಆದ ಆಪರೇಷನ್, ಈಗ ದಿನವೂ ನುಂಗುತ್ತಿರುವ ಮಾತ್ರೆಗಳ ಹೆಸರು ಬರೆಯಿರಿ. ಮಾತ್ರೆಯ ಹೆಸರು ಓದಲು ಬರದಿದ್ದರೆ ಖಾಲಿ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ‘ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಕೆಂಪು ಮಾತ್ರೆ’ ಎಂದರೆ ಯಾವ ವೈದ್ಯರಿಗೂ ಅರ್ಥವಾಗುವುದಿಲ್ಲ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಹೊರರೋಗಿ ವಿಭಾಗದಲ್ಲಿ

ಮೊದಲು ನೋಂದಣಿ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು. ಹಲವು ಆಸ್ಪತ್ರೆಗಳಲ್ಲಿ ಕೌಂಟರಿನ ಪಕ್ಕ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಆಭಾ ವಿವರ ಹಂಚಿಕೊಂಡರೆ ಟೋಕನ್ ಸಿಗುತ್ತದೆ. ಸರದಿಯಲ್ಲಿ ನಿಲ್ಲುವ ಸಮಯ ಉಳಿಯುತ್ತದೆ. ಮೊಬೈಲ್ ಇಲ್ಲದವರು ಚಿಂತಿಸಬೇಕಿಲ್ಲ, ಚೀಟಿ ಎಲ್ಲರಿಗೂ ಕೊಡಲೇಬೇಕು.

ಬೆಳಿಗ್ಗೆ ಬೇಗ ಹೋಗುವುದು ಮುಖ್ಯ, ಅದಕ್ಕೆ ಕಾರಣವೂ ಇದೆ. ವೈದ್ಯರು ರಕ್ತ ಪರೀಕ್ಷೆಗೆ ಬರೆದರೆ ಮಾದರಿ ಕೊಟ್ಟು, ವರದಿ ಪಡೆದು, ಮತ್ತೆ ಅದೇ ವೈದ್ಯರಿಗೆ ತೋರಿಸಬೇಕಾಗುತ್ತದೆ. ತಡವಾಗಿ ಹೋದರೆ ವರದಿ ಬರುವಷ್ಟರಲ್ಲಿ ಹೊರರೋಗಿ ವಿಭಾಗದ ಸಮಯ ಮುಗಿದು ಮರುದಿನ ಮತ್ತೆ ಬಸ್ ಹತ್ತಬೇಕು. ಸಕ್ಕರೆ ಪರೀಕ್ಷೆ ಇರಬಹುದೆಂದು ಅನಿಸಿದರೆ ಖಾಲಿ ಹೊಟ್ಟೆಯಲ್ಲಿ ಹೋಗಿ, ತಿಂಡಿ ಡಬ್ಬಿ ಜೊತೆಗಿರಲಿ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಂಡು ಉಪವಾಸವಿರಬಾರದು, ಸಕ್ಕರೆ ಪ್ರಮಾಣ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ರಕ್ತ ಕೊಟ್ಟ ಮೇಲೆ ತಿಂಡಿ, ಮಾತ್ರೆ ಎರಡೂ ಆಗಲಿ.

ವೈದ್ಯರ ಮುಂದೆ ಸಿಗುವುದು ಎರಡು-ಮೂರು ನಿಮಿಷ. ಆ ಸಮಯದಲ್ಲಿ ‘ಮೈಯೆಲ್ಲ ನೋವು, ಸುಸ್ತು’ ಎಂದಷ್ಟೇ ಹೇಳಿದರೆ ಕಾಯಿಲೆ ಗುರುತಿಸುವುದು ಕಷ್ಟ. ತೊಂದರೆ ಏನು, ಎಷ್ಟು ದಿನದಿಂದ, ಯಾವಾಗ ಹೆಚ್ಚುತ್ತದೆ, ಏನು ಮಾಡಿದರೆ ಕಡಿಮೆಯಾಗುತ್ತದೆ, ಈ ನಾಲ್ಕನ್ನು ಸರದಿಯಲ್ಲಿ ಕುಳಿತಾಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಿ. ಹೆಂಗಸರನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಜೊತೆಗಿರಬೇಕೆಂದು ಕೇಳುವುದು ರೋಗಿಯ ಹಕ್ಕು, ಅದಕ್ಕೆ ಸಂಕೋಚ ಬೇಡ.

ಕೊನೆಯ ಹಂತ ಔಷಧಾಲಯ. ಮಾತ್ರೆಯನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಮೇಲೆ ‘1-0-1’ ಎಂದು ಬರೆದುಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅದರ ಅರ್ಥ. ಚೀಟಿಯಲ್ಲಿ ‘ಓ.ಡಿ.’ ಎಂದಿದ್ದರೆ ದಿನಕ್ಕೊಮ್ಮೆ, ‘ಬಿ.ಡಿ.’ ಎಂದರೆ ಎರಡು ಸಲ, ‘ಟಿ.ಡಿ.ಎಸ್.’ ಎಂದರೆ ಮೂರು ಸಲ, ‘ಎಸ್.ಓ.ಎಸ್.’ ಎಂದರೆ ತೊಂದರೆ ಇದ್ದಾಗ ಮಾತ್ರ. ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ ಎಂಬುದನ್ನು ಕೌಂಟರ್ ಬಿಡುವ ಮೊದಲೇ ಕೇಳಿಕೊಳ್ಳಿ. ಬರೆದ ಔಷಧಿ ಇಲ್ಲ ಎಂದರೆ ನೇರ ಹೊರಗಿನ ಅಂಗಡಿಗೆ ಓಡಬೇಡಿ. ‘ಇದರ ಬದಲು ಇಲ್ಲೇ ಇರುವ ಔಷಧಿ ಬರೆಯಬಹುದಾ ಡಾಕ್ಟ್ರೇ?’ ಎಂದು ವಾಪಸ್ ಹೋಗಿ ಕೇಳಿ. ಎಷ್ಟೋ ಸಲ ಅದೇ ಗುಂಪಿನ ಬೇರೆ ಔಷಧಿ ದಾಸ್ತಾನಿನಲ್ಲಿರುತ್ತದೆ.

ತುರ್ತು ಹೊತ್ತಿನಲ್ಲಿ

ತಾಲ್ಲೂಕು ಆಸ್ಪತ್ರೆಯ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲೇ. ದೂರದ ದೊಡ್ಡ ಆಸ್ಪತ್ರೆಗೆ ಎರಡು ಗಂಟೆ ಕಾರಿನಲ್ಲಿ ಹೋಗುವುದಕ್ಕಿಂತ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಧ ಗಂಟೆಯೊಳಗೆ ಸಿಗುವ ಚಿಕಿತ್ಸೆ ಜೀವ ಉಳಿಸುತ್ತದೆ.

ಎದೆನೋವು: ಎದೆಯ ಮೇಲೆ ಭಾರ ಇಟ್ಟಂತಾಗುವುದು, ಎಡತೋಳಿಗೆ ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆ ಬೆವರು. ಇವು ಹೃದಯಾಘಾತದ ಲಕ್ಷಣ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟು, ವಾಕರಿಕೆ, ಸುಸ್ತು ಕಾಣಿಸಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗಿದವರು ಅಮೂಲ್ಯ ಸಮಯ ಕಳೆದುಕೊಳ್ಳುತ್ತಾರೆ. 2023ರಲ್ಲಿ ಆರಂಭವಾದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳುಹಿಸುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧಿ ಇಲ್ಲಿ ಉಚಿತ.

ಪಾರ್ಶ್ವವಾಯು: ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು. ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ, ಅದಕ್ಕೂ ಮುನ್ನ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು 108ರವರನ್ನೇ ಕೇಳಿ. ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾವು ಕಡಿತ: ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ವಿಷ ಹೀರುವುದು, ನಾಟಿ ಮದ್ದು ಅರೆದು ಹಚ್ಚುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಪಟ್ಟಿಯಿಟ್ಟು ಕಟ್ಟಿ, ರೋಗಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಹಾವನ್ನು ಹುಡುಕಿ ಕೊಲ್ಲುತ್ತ ಕೂರಬೇಡಿ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ.

ಆಸ್ಪತ್ರೆಯಲ್ಲಿ ಮಾಡುವ ಒಂದು ಪರೀಕ್ಷೆಯನ್ನು ತಿಳಿದಿರುವುದು ಒಳ್ಳೆಯದು. ರೋಗಿಯ ಎರಡು ಮಿಲಿ ಲೀಟರಿನಷ್ಟು ರಕ್ತವನ್ನು ಒಣಗಿದ, ಶುದ್ಧ ಗಾಜಿನ ನಳಿಕೆಯಲ್ಲಿ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ನಳಿಕೆಯನ್ನು ಒಮ್ಮೆ ಬಾಗಿಸುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಜಾತಿಯ ವಿಷ ಏರಿದೆ ಎಂದು ಲೆಕ್ಕ, ಕೂಡಲೇ ಪ್ರತಿವಿಷ ಶುರುವಾಗುತ್ತದೆ. ‘ಇಪ್ಪತ್ತು ನಿಮಿಷದಿಂದ ಸುಮ್ಮನೆ ಕೂರಿಸಿದ್ದಾರೆ’ ಎಂದು ಬಂಧುಗಳು ಜಗಳಕ್ಕೆ ನಿಲ್ಲುವುದು ಇದೇ ಹೊತ್ತಿನಲ್ಲಿ. ಕಾಯುವ ಆ ಸಮಯವೂ ಚಿಕಿತ್ಸೆಯ ಭಾಗವೇ. ಇನ್ನು ಕಟ್ಟುಹಾವಿನ ಕಡಿತ ನೋಯುವುದಿಲ್ಲ, ಗುರುತೂ ಕಾಣದಿರಬಹುದು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು, ಕಣ್ಣುರೆಪ್ಪೆ ಎತ್ತಲಾಗುತ್ತಿಲ್ಲ ಎಂದರೆ ಹಾವಿನ ಅನುಮಾನ ಪಟ್ಟು ತಕ್ಷಣ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ನಾಯಿ ಕಡಿತ: ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 3, 7 ಮತ್ತು 28ನೇ ದಿನ ಹಾಕಿಸಬೇಕು. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಹಾಕಿಸಲೇಬೇಕು. ಅದು ಅಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಎಂದು ಬರೆಸಿಕೊಳ್ಳಿ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವ ಔಷಧಿ ಇಲ್ಲ. ಹಾಗಾಗಿ ಕೊನೆಯ ಚುಚ್ಚುಮದ್ದನ್ನೂ ತಪ್ಪಿಸಬೇಡಿ.

ಕ್ರಿಮಿನಾಶಕ ಸೇವನೆ: ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ಡಬ್ಬಿ ಅಥವಾ ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ಹೋಗಿ. ಯಾವ ವಿಷ ಎಂದು ಗೊತ್ತಾದರೆ ಚಿಕಿತ್ಸೆ ಚುರುಕಾಗುತ್ತದೆ.

ಅಪಘಾತ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕಾಟ ಎಂಬ ಭಯ ಬೇಡ. ನೆರವಿಗೆ ಬಂದವರನ್ನು ರಕ್ಷಿಸಲು ಕರ್ನಾಟಕದಲ್ಲಿ 2016ರ ಕಾಯ್ದೆಯೇ ಇದೆ. ಪೊಲೀಸ್ ದಾಖಲೆ ಆಗುವವರೆಗೆ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೆರಿಗೆಗೆ ಬರುವವರಿಗೆ

ಗರ್ಭಿಣಿ ಎಂದು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ನೋಂದಣಿ ಮಾಡಿಸಿ ತಾಯಿ ಕಾರ್ಡ್ ಪಡೆಯಿರಿ. ಕನಿಷ್ಠ ನಾಲ್ಕು ತಪಾಸಣೆಗಳು ಆಗಲೇಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ವಿಶೇಷ ತಪಾಸಣೆ ಇರುತ್ತದೆ. ತಲೆಸಿಡಿತ, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ನೀರು ಒಡೆಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ.

2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಬಾಣಂತಿಯ ಊಟ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ವಾಹನ ಎಲ್ಲವೂ ಉಚಿತ. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡುವ ವಾಹನವನ್ನು ನಮ್ಮಲ್ಲಿ ‘ನಗು-ಮಗು’ ಎನ್ನುತ್ತಾರೆ. ಹುಟ್ಟಿದ ಮಗುವಿಗೆ ಒಂದು ವರ್ಷ ತುಂಬುವವರೆಗೆ ಕಾಯಿಲೆಯ ಚಿಕಿತ್ಸೆಯೂ ಉಚಿತ. ಬಿಪಿಎಲ್ ಹಾಗೂ ಪರಿಶಿಷ್ಟ ಕುಟುಂಬದ ತಾಯಂದಿರಿಗೆ ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಭಾಗದಲ್ಲಿ 700, ನಗರದಲ್ಲಿ 600 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ‘ಗಂಡು ಮಗು ಆಗಿದೆ, ಖುಷಿಗೆ ಕೊಡಿ’ ಎಂದು ಯಾರಾದರೂ ಕೈಚಾಚಿದರೆ ಕೊಡಬೇಡಿ. ಅದು ಖುಷಿಯ ಮಾತಲ್ಲ, ಲಂಚ.

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. ಹೆರಿಗೆಯ ನಂತರದ ರಕ್ತಸ್ರಾವ ತಾಯಿಯ ಜೀವಕ್ಕೆ ಕುತ್ತಾಗುವುದು ಬಹುತೇಕ ಮೊದಲ ದಿನವೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಲಿ. ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬೇಡಿ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆ ಆಸ್ಪತ್ರೆ ಬಿಡುವ ಮೊದಲೇ ಆಗಿರಬೇಕು. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ತಂದೆ-ತಾಯಿಯ ಹೆಸರು ಬರೆಸುವಾಗ ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ ಬರೆಸಿ. ಒಂದಕ್ಷರ ತಪ್ಪಿದರೂ ಮಗು ಶಾಲೆಗೆ ಸೇರುವ ಹೊತ್ತಿಗೆ ಕಚೇರಿಗಳಿಗೆ ಅಲೆಯಬೇಕಾದೀತು.

ರೋಗಿಯ ಜೊತೆ ಉಳಿಯುವವರ ಕೆಲಸ

ಒಳರೋಗಿಯ ಜೊತೆ ಒಬ್ಬರು ಸಾಕು. ಹತ್ತು ಜನ ಮಂಚದ ಸುತ್ತ ನಿಂತರೆ ರೋಗಿಗೂ ನೆಮ್ಮದಿಯಿಲ್ಲ, ಪಕ್ಕದ ಹಾಸಿಗೆಯವರಿಗೂ ಸೋಂಕಿನ ಭಯ. ಚಿಕ್ಕ ಮಕ್ಕಳನ್ನು ವಾರ್ಡಿಗೆ ಕರೆತರಬೇಡಿ.

ಜೊತೆಗಿರುವವರು ಮೊದಲು ಕಲಿಯಬೇಕಾದದ್ದು ಕೈತೊಳೆಯುವುದು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಊಟ ಮಾಡಿಸುವ ಮುನ್ನ, ಮಲಮೂತ್ರ ಶುಚಿಗೊಳಿಸಿದ ನಂತರ ಸೋಪಿನಿಂದ ತೊಳೆಯಿರಿ. ಎದ್ದು ಓಡಾಡಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ, ಇಲ್ಲವಾದರೆ ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಆಗುತ್ತದೆ. ಮೂತ್ರದ ಚೀಲ ಯಾವಾಗಲೂ ಮಂಚಕ್ಕಿಂತ ಕೆಳಗೆ ನೇತಾಡುತ್ತಿರಲಿ, ಆದರೆ ನೆಲಕ್ಕೆ ತಾಗದಿರಲಿ. ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ತಳ್ಳುಗಾಡಿಯಲ್ಲಿ ಕರೆದೊಯ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ.

ಗ್ಲೂಕೋಸ್ ಬಾಟಲಿ ಬೇಗ ಮುಗಿಯಲಿ ಎಂದು ಚಕ್ರ ತಿರುಗಿಸಬೇಡಿ, ಆಮ್ಲಜನಕದ ಗುಬುಟು ಮುಟ್ಟಬೇಡಿ. ಸೂಜಿ ಹಾಕಿದ ಕೈ ಊದಿದರೆ, ರಕ್ತ ಏರಿಸುವಾಗ ಚಳಿ, ನಡುಕ, ತುರಿಕೆ ಬಂದರೆ ಕೂಡಲೇ ಸಿಸ್ಟರ್‌ಗೆ ಹೇಳಿ. ವಾರ್ಡಿನ ಹಳದಿ, ಕೆಂಪು, ನೀಲಿ ಡಬ್ಬಿಗಳು ಆಸ್ಪತ್ರೆಯ ತ್ಯಾಜ್ಯಕ್ಕೆ. ಊಟದ ಎಲೆ, ಬಾಳೆಹಣ್ಣಿನ ಸಿಪ್ಪೆ ಅದರಲ್ಲಿ ಹಾಕಬಾರದು.

ವೈದ್ಯರು ರೌಂಡ್ಸ್‌ಗೆ ಬರುವ ಸಮಯ ತಿಳಿದುಕೊಂಡು ಆಗ ಅಲ್ಲೇ ಇರಿ. ಕಾಯಿಲೆ ಏನು, ಇವತ್ತು ಏನು ಮಾಡುತ್ತೀರಿ, ಊಟ ಏನು ಕೊಡಬಹುದು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು.

ಬೇರೆ ಆಸ್ಪತ್ರೆಗೆ ಕಳುಹಿಸಿದರೆ

‘ಇಲ್ಲಿ ಆಗಲ್ಲ, ಕರ್ಕೊಂಡು ಹೋಗಿ’ ಎಂಬ ಬಾಯಿಮಾತನ್ನು ನಂಬಿ ಹೊರಡಬೇಡಿ. ರೆಫರಲ್ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಕಾಯಿಲೆಯ ವಿವರ, ಕೊಟ್ಟ ಔಷಧಿ, ಕಳುಹಿಸುತ್ತಿರುವ ಕಾರಣ ಇರಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟನ್ನು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ಸರ್ಕಾರ ಭರಿಸುತ್ತದೆ. ಆದರೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಸಿಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಇಲ್ಲದೆಯೂ ನೇರ ಹೋಗಬಹುದು. ಮೊದಲು ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ ಏರಿದ ಮೇಲೆ ರೆಫರಲ್ ಪತ್ರಕ್ಕೆ ಓಡಿ ಬರುವವರು ಬಹಳ. ಆಗ ನೆರವು ಸಿಗುವುದು ಕಷ್ಟ.

ಯೋಜನೆಯ ಬಗ್ಗೆ ವಿಚಾರಿಸಲು ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಯಾವ ಆಸ್ಪತ್ರೆ ನೋಂದಾಯಿತ, ನಿಮ್ಮ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆಯೇ ಎಂದು ಹೊರಡುವ ಮೊದಲು ಅವರಲ್ಲಿ ಕೇಳಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ತೋರಿಸಿ.

ಮನೆಗೆ ಹೊರಡುವ ದಿನ

ಡಿಸ್ಚಾರ್ಜ್ ಸಾರಾಂಶ ಪತ್ರವನ್ನು ಕೈಗೆ ಪಡೆಯದೆ ಆಸ್ಪತ್ರೆ ಬಿಡಬೇಡಿ. ಕಾಯಿಲೆಯ ಹೆಸರು, ಮಾಡಿದ ಚಿಕಿತ್ಸೆ, ಮುಂದಿನ ಔಷಧಿ, ಮತ್ತೆ ಬರಬೇಕಾದ ದಿನ ಅದರಲ್ಲಿ ಇರಬೇಕು. ಎಕ್ಸ್‌ರೇ, ಸ್ಕ್ಯಾನ್, ರಕ್ತ ಪರೀಕ್ಷೆಯ ವರದಿಗಳನ್ನೂ ಕೇಳಿ ಪಡೆಯಿರಿ. ದಾಖಲೆಯ ಪ್ರತಿಗೆ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು ಎಂಬ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ. ಸ್ವಲ್ಪ ಗುಣವಾಯಿತೆಂದು ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಮಧ್ಯದಲ್ಲಿ ನಿಲ್ಲಿಸಬೇಡಿ, ಉಳಿದದ್ದನ್ನು ಬೇರೆಯವರಿಗೆ ಕೊಡಬೇಡಿ.

ಜಾತ್ರೆ, ಮದುವೆ, ಹೊಲದ ಕೆಲಸವೆಂದು ವೈದ್ಯರು ಬೇಡವೆಂದರೂ ರೋಗಿಯನ್ನು ಕರೆದೊಯ್ಯುವವರಿದ್ದಾರೆ. ‘ಸ್ವಂತ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇವೆ’ ಎಂದು ಸಹಿ ಮಾಡುವ ಮುನ್ನ, ಹೋದರೆ ಆಗುವ ಅಪಾಯವೇನು ಎಂದು ವೈದ್ಯರನ್ನು ನೇರವಾಗಿ ಕೇಳಿ, ಆಮೇಲೆ ನಿರ್ಧರಿಸಿ.

ದೀರ್ಘ ಕಾಯಿಲೆಗಳಿಗೆ

30 ವರ್ಷ ದಾಟಿದ ಎಲ್ಲರೂ ಬಿ.ಪಿ., ಸಕ್ಕರೆ ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆಯನ್ನು, ಹೆಂಗಸರು ಜೊತೆಗೆ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಬಿ.ಪಿ. ಮತ್ತು ಸಕ್ಕರೆ ಮಾತ್ರೆಗಳನ್ನು ತಿಂಗಳಿಗಾಗುವಷ್ಟು ಕೊಡುತ್ತಾರೆ. ಹತ್ತಿರದ ಉಪಕೇಂದ್ರದಲ್ಲೇ ಸಿಗುತ್ತದೆಯೇ ಎಂದು ಕೇಳಿ, ಪ್ರತಿ ತಿಂಗಳು ತಾಲ್ಲೂಕಿಗೆ ಬರುವ ಖರ್ಚು ಉಳಿಯುತ್ತದೆ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಎದ್ದೊಡನೆ ಆಳವಾಗಿ ಕೆಮ್ಮಿ ತೆಗೆದ ಕಫ ಬೇಕು, ಬರೀ ಎಂಜಲು ಕೊಟ್ಟರೆ ಪರೀಕ್ಷೆ ಫಲ ಕೊಡುವುದಿಲ್ಲ. ಕ್ಷಯ ಖಚಿತವಾದರೆ ಚಿಕಿತ್ಸೆ ಪೂರ್ತಿ ಉಚಿತ, ಸಾಮಾನ್ಯವಾಗಿ ಆರು ತಿಂಗಳು. ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ, ಬ್ಯಾಂಕ್ ಖಾತೆಯ ವಿವರ ಕೊಟ್ಟಿರಬೇಕು. ಕಿಡ್ನಿ ವೈಫಲ್ಯವಾದವರು ಡಯಾಲಿಸಿಸ್‌ಗೆ ನಗರಕ್ಕೆ ಹೋಗುವ ಮುನ್ನ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಸರು ಬರೆಸಿ.

ಮನಸ್ಸಿನ ನೋವೂ ಕಾಯಿಲೆಯೇ. ನಿದ್ದೆ ಬಾರದಿರುವುದು, ಬದುಕು ಬೇಡವೆನಿಸುವುದು, ಕುಡಿತ ಬಿಡಲಾಗದಿರುವುದು ಇಂಥ ತೊಂದರೆಗಳಿಗೆ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ತೊಂದರೆಯಾದರೆ ಯಾರಿಗೆ ಹೇಳುವುದು?

ಮೊದಲು ಕರ್ತವ್ಯದಲ್ಲಿರುವ ಸಿಸ್ಟರ್ ಮತ್ತು ವೈದ್ಯರಿಗೆ. ಪರಿಹಾರ ಸಿಗದಿದ್ದರೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ. 104 ಆರೋಗ್ಯ ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ದಿನಾಂಕ, ಸಮಯ, ವಾರ್ಡು, ನಡೆದದ್ದೇನು ಎಂದು ಅರ್ಧ ಪುಟದಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಏನೇ ಸಿಟ್ಟಿದ್ದರೂ ಸಿಬ್ಬಂದಿಯ ಮೇಲೆ ಕೈಮಾಡುವುದು 2009ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹಲ್ಲೆಯಾದ ಊರಿಗೆ ವೈದ್ಯರು ಬರಲು ಹಿಂಜರಿಯುತ್ತಾರೆ. ಅದರ ನಷ್ಟ ನಮಗೇ.

ಪ್ರತಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ, ತಾಲ್ಲೂಕು ಆಸ್ಪತ್ರೆಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಆಸ್ಪತ್ರೆಗೆ ಬಂದ ಹಣ ಹೇಗೆ ಖರ್ಚಾಗಬೇಕು, ಕುಡಿಯುವ ನೀರು, ಶೌಚಾಲಯ, ಕಾಯುವವರಿಗೆ ಬೆಂಚು ಇವೆಲ್ಲ ಅಲ್ಲಿ ಚರ್ಚೆಯಾಗಬೇಕಾದ ವಿಷಯಗಳು. ನಿಮ್ಮ ತಾಲ್ಲೂಕಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಕೇಳಿ. ಮಹಿಳಾ ಸ್ವಸಹಾಯ ಸಂಘ, ಯುವಕ ಮಂಡಲ, ಗ್ರಾಮ ಪಂಚಾಯಿತಿ ಸದಸ್ಯರು ಒಟ್ಟಾಗಿ ಕೇಳಿದರೆ ಉತ್ತರ ಬರುತ್ತದೆ.

ಉಳ್ಳವರು ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟುಹೋದಷ್ಟೂ ಅದನ್ನು ಪ್ರಶ್ನಿಸುವ ಗಟ್ಟಿ ದನಿ ಕಡಿಮೆಯಾಗುತ್ತದೆ, ದನಿ ಕಡಿಮೆಯಾದಷ್ಟೂ ಸೇವೆ ಸೊರಗುತ್ತದೆ. ಅದನ್ನು ನಡೆಸುವುದು ನಮ್ಮ ತೆರಿಗೆ ಹಣ. ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು: ಮುಂದಿನ ಸಲ ನಿಮಗೋ ಮನೆಯವರಿಗೋ ಕಾಯಿಲೆಯಾದಾಗ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಚಿಕಿತ್ಸೆ ಪಡೆಯಿರಿ, ಒಳ್ಳೆಯ ಸೇವೆ ಕೊಟ್ಟವರಿಗೆ ಒಂದು ಮಾತು ಹೇಳಿ, ಕೊರತೆ ಕಂಡರೆ ಬರೆದುಕೊಡಿ. 108, 104 ಮತ್ತು 14416 ಈ ಮೂರು ಸಂಖ್ಯೆಗಳನ್ನು ಇವತ್ತೇ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.